ತೊಡೆಪಟ್ಟಿಯ ಗಂಟು

"ಬಿಚ್ಚಿ."

ಆತ ಆಕೆಯೊಂದಿಗೆ ಆಡಿದ ಮೊದಲ ಮಾತು ಅದು. ಕುಳಿತುಕೊಳ್ಳಿ ಎನ್ನಲಿಲ್ಲ, ಊಟವಾಯಿತೇ ಎನ್ನಲಿಲ್ಲ. ಬೆಳಗಿನಿಂದ ಆಕೆ ಕಣ್ಣು ನೆಟ್ಟು ಹೊಲಿದಿದ್ದ ತೊಡೆಪಟ್ಟಿಯನ್ನು ಎತ್ತಿಕೊಂಡು, ಅದರ ಒಳಮೈ ಮೇಲೆ ಹೆಬ್ಬೆರಳು ಆಡಿಸಿ, ಮೇಜಿನ ಮೇಲಿಟ್ಟುಬಿಟ್ಟ.

"ಏನು ತಪ್ಪಾಗಿದೆ ಅಂತಾದ್ರೂ ಹೇಳಿ."

"ಗಂಟು."

"ಎಲ್ಲಿ ಕಾಣ್ತಿದೆ ಗಂಟು? ತೋರ್ಸಿ ನೋಡೋಣ."

"ಹೊರಗಡೆ ಕಾಣ್ತಿಲ್ಲ. ಅದೇ ತಪ್ಪು."

ಇದೆಂತಹ ಹುಚ್ಚು ಮಾತು! ಆಕೆಯ ಕಣ್ಣು ತುಂಬಿಬಂತು. ಆತ ಅದನ್ನು ಕಂಡವನೇ ಮುಖ ತಿರುಗಿಸಿಕೊಂಡು, "ಇರ್ಲಿ... ಬಿಡಿ," ಎಂದು ಒಳಗೆ ನಡೆದುಬಿಟ್ಟ.

ಮಿಷನ್ ಆಸ್ಪತ್ರೆಯ ಹಿತ್ತಲಿನ ಆ ಉದ್ದನೆಯ ಕೋಣೆಯಲ್ಲಿ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುತ್ತಿದ್ದರು. ಮರ ಕೆತ್ತಿ ಕಾಲು ಮಾಡುವ ಆತನಿಗೆ ರೋಗಿಗಳು ಇಟ್ಟ ಹೆಸರು ಕಾಲುಮೇಷ್ಟ್ರು. ಆ ಕಾಲನ್ನು ತೊಡೆಗೆ ಬಿಗಿಯುವ ಚರ್ಮದ ಪಟ್ಟಿ ಹೊಲಿಯುವ ಆಕೆ ಪಟ್ಟಿ ಅಕ್ಕ.

ಆಕೆಗೆ ಆ ಹೆಸರೇ ಮುಳ್ಳು. ಹದಿನಾರನೆಯ ವಯಸ್ಸಿನಲ್ಲಿ, ಪ್ರಾರ್ಥನಾ ಕೂಟವೊಂದರಲ್ಲಿ ಮೊಣಕಾಲೂರಿದ್ದಾಗ ತನ್ನನ್ನು ದೇವರು ಕರೆದನೆಂದು ಆಕೆ ನಂಬಿದ್ದಳು. ದೂರದ ದ್ವೀಪವೊಂದರಲ್ಲಿ ಕ್ರೈಸ್ತ ಸಭೆಯವರು ನಡೆಸುವ ಹೊಲಿಗೆ ಶಾಲೆಗೆ ಶಿಕ್ಷಕಿಯಾಗಿ ಹೋಗಬೇಕು, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಕೈಕಸುಬು ಕಲಿಸಬೇಕು. ಅದಕ್ಕೆಂದೇ ಚರ್ಚಿನ ಪೀಠದ ವಸ್ತ್ರ, ಗಾಯಕರ ನಿಲುವಂಗಿಗಳನ್ನು ಹೊಲಿದು ಕೈ ಪಳಗಿಸಿದ್ದಳು. ಗಂಟುಗಳೆಲ್ಲ ಒಳಗೆ ಅಡಗಿ, ಹೊರಗೆ ನೂಲಿನ ಸುಳಿವೂ ಸಿಗದಂತೆ ಹೊಲಿಯುವುದು ಆಕೆಯ ಹೆಮ್ಮೆಯಾಗಿತ್ತು.

ಎರಡು ಸಲ ಅರ್ಜಿ ಹಾಕಿದ್ದಳು. ಎರಡು ಸಲವೂ ಒಂದೇ ಉತ್ತರ: ಕಾಯಿರಿ.

"ಕರೆ ಬಂದಿದೆ ಅಂತೀಯ, ವಿಳಾಸ ಮಾತ್ರ ಯಾರೂ ಕೊಡ್ತಿಲ್ಲ," ಎಂದು ಅತ್ತಿಗೆ ನಗುತ್ತಿದ್ದಳು. ನಗೆಯಲ್ಲಿ ಕೆಡುಕಿರಲಿಲ್ಲ, ಆದರೂ ಅದು ಚುಚ್ಚುತ್ತಿತ್ತು.

'ಕರ್ತನೇ, ಇನ್ನೂ ಎಷ್ಟು ಕಾಯಿಸ್ತೀಯ? ಈ ಚರ್ಮದ ವಾಸನೆ ಮೂಸೋದಕ್ಕೇನಾ ನನ್ನನ್ನ ಕರೆದಿದ್ದು?'

ಹೀಗೆ ಒಂದು ವರ್ಷ ಸವೆಯಿತು. ಕಾಲುಮೇಷ್ಟ್ರು ಮತ್ತೆಂದೂ ಬಿಚ್ಚಿ ಎನ್ನಲಿಲ್ಲ. ಗೆದ್ದೆನೆಂದೇ ಆಕೆ ತಿಳಿದಳು. ಆತ ಮಾತು ಕಡಿಮೆಯವನು. ಆದರೆ ಆಕೆಯ ಕುರ್ಚಿ ಅಲುಗಾಡಿದ ಮರುದಿನವೇ ಅದರ ಕಾಲಿಗೆ ಬೆಣೆ ಬಿದ್ದಿರುತ್ತಿತ್ತು. ಕಿಟಕಿಯ ಬಿಸಿಲು ಸೂಜಿಯ ಮೇಲೆ ಬೀಳುವಂತೆ ಮೇಜು ಸರಿದಿರುತ್ತಿತ್ತು. ಅದನ್ನೆಲ್ಲ ಕಂಡಾಗ ಎದೆಯೊಳಗೆ ಏನೋ ಮೆತ್ತಗಾಗುತ್ತಿತ್ತು... ಆಕೆ ಅದನ್ನು ಗದರಿ ಸುಮ್ಮನಾಗಿಸುತ್ತಿದ್ದಳು.

ಮೂರನೆಯ ಅರ್ಜಿಗೆ ಉತ್ತರ ಬಂದದ್ದು ಒಂದು ಮಧ್ಯಾಹ್ನ.

'ನೀವು ಕೆಲಸ ಮಾಡುವಲ್ಲಿಂದ ನಿಮ್ಮ ಬಗ್ಗೆ ಅಭಿಪ್ರಾಯ ಪತ್ರ ಬರಲೇ ಇಲ್ಲ. ಸ್ಥಾನವನ್ನು ಈ ವರ್ಷ ಮತ್ತೊಬ್ಬರಿಗೆ ಕೊಡಲಾಗಿದೆ.'

ಆ ಪತ್ರ ಬರೆಯಬೇಕಾಗಿದ್ದವನು ಆತ. ಕಳಿಸಿದಿರಾ ಎಂದು ಆಕೆ ಎರಡು ಸಲ ಕೇಳಿದ್ದಳು. ಎರಡು ಸಲವೂ "ಬರೆದಿದೀನಿ" ಎಂದಿದ್ದ.

ಆಕೆ ನೇರವಾಗಿ ಹೋಗಿ ಆತನ ಮುಂದೆ ಕಾಗದ ಹಿಡಿದಳು. ಆತ ಓದಿದ. ಉಳಿ ಕೆಳಗಿಟ್ಟ. ಮೇಜಿನ ಖಾನೆ ಎಳೆದ.

ಅಲ್ಲಿ ನಾಲ್ಕು ಕಾಗದಗಳಿದ್ದವು. ಅವುಗಳ ಕೆಳಗೆ ಆಕೆಯೇ ಹೊಲಿದ, ಇನ್ನೂ ರೋಗಿಗಳ ಕೈ ಸೇರದ ಹನ್ನೊಂದು ತೊಡೆಪಟ್ಟಿಗಳು. ಆಕೆ ಒಂದನ್ನೆತ್ತಿದಳು, ಇನ್ನೊಂದನ್ನೆತ್ತಿದಳು. ನಾಲ್ಕು ಪಟ್ಟಿಗಳಲ್ಲಿ ಆಕೆಯ ಗಂಟು ಒಂದೂ ಉಳಿದಿರಲಿಲ್ಲ. ಎಲ್ಲವನ್ನೂ ಕತ್ತರಿಸಿ, ಹೊರಮೈಗೆ ತಂದು, ಒರಟಾಗಿ ಮತ್ತೆ ಕಟ್ಟಲಾಗಿತ್ತು. ಉಳಿದ ಏಳು ಇನ್ನೂ ಹಾಗೆಯೇ ಇದ್ದವು.

"ವರ್ಷ ಪೂರ್ತಿ ನನ್ನ ಬೆನ್ನ ಹಿಂದೆ ಇದನ್ನೇ ಮಾಡಿದ್ರಾ?" ಆಕೆ ಪಟ್ಟಿಯನ್ನು ಆತನ ಮುಂದೆ ಹಿಡಿದಳು. "ನನ್ನ ಹೊಲಿಗೆನೂ ಬಿಚ್ಚಿದ್ರಿ. ದೇವರು ನನಗೆ ಕೊಟ್ಟ ದಾರಿನೂ ಬಿಚ್ಚಿಹಾಕಿದ್ರಿ."

"ಪತ್ರದ ವಿಷಯದಲ್ಲಿ ತಪ್ಪು ನನ್ನದೇ," ಎಂದ ಆತ. "ಕ್ಷಮೆ ಕೇಳೋಕೂ ಮುಖ ಇಲ್ಲ."

"ಗಂಟಿನ ವಿಷಯದಲ್ಲಿ?"

ಉತ್ತರ ಬಂದದ್ದು ಬೆಂಚಿನ ಕಡೆಯಿಂದ. ಹೊಸ ಕಾಲಿನ ಅಳತೆ ಕೊಡಲು ಬಂದು ಕುಳಿತಿದ್ದ ಅಜ್ಜಿಯೊಬ್ಬಳು ಬಾಯಿ ತೆರೆದಳು. ಅಜ್ಜಿಯ ಬಾಯಿ ಮುಚ್ಚಿಸುವ ಪಟ್ಟಿಯನ್ನು ಇನ್ನೂ ಯಾರೂ ಹೊಲಿದಿರಲಿಲ್ಲ.

"ಮೇಷ್ಟ್ರು ಹೇಳ್ಬೇಡಿ ಅಂದಿದ್ರು, ಹೇಳೇ ಹೇಳ್ತೀನಿ. ಇಲ್ನೋಡೇ ಪಟ್ಟಿ ಅಕ್ಕ." ಅಜ್ಜಿ ಸೆರಗು ಮರೆಮಾಡಿಕೊಂಡು, ತುಂಡಾದ ತೊಡೆಯನ್ನು ಆಕೆಗಷ್ಟೇ ತೋರಿಸಿದಳು. ಸಾಲಾಗಿ ಆರು ಕಪ್ಪು ಕಲೆಗಳು. "ನಿನ್ನ ಮೊದಲನೇ ಪಟ್ಟಿ. ನೋಡೋಕೆ ಮದುಮಗಳ ಹಾಗಿತ್ತು. ನಾಲ್ಕು ಹೆಜ್ಜೆ ನಡೆದ್ರೆ ನಿನ್ನ ಗಂಟು ಒಂದೊಂದೂ ಮಾಂಸ ಕಿತ್ತು ತಿಂತಿತ್ತು. ಹೊರಗಡೆ ಚೆಂದ ಯಾರಿಗೆ ಬೇಕಮ್ಮಾ? ಒಳಗಿರೋಳು ನಾನು."



ಒಳಗಿರೋಳು ನಾನು... ಒಂದು ವರ್ಷದಿಂದ ದೇವರ ಮುಂದೆ ಸೇವೆ ಕೊಡು, ಸೇವೆ ಕೊಡು ಎಂದು ಗೋಗರೆದಿದ್ದಳು. ದೇವರು ಕೊಟ್ಟ ತೊಡೆ ಕಣ್ಣೆದುರಿಗೇ ನೆತ್ತರು ಸುರಿಸುತ್ತಿದ್ದರೂ ತಾನು ದ್ವೀಪದ ಕಡೆ ನೋಡುತ್ತ ಕುಳಿತಿದ್ದೆನಲ್ಲ!

"ಯಾಕೆ ಬಿಡಿಸಿ ಹೇಳ್ಲಿಲ್ಲ ನೀವು?"

"ಮೊದಲ ದಿನ ನಿಮ್ಮ ಕಣ್ಣು ತುಂಬ್ತು. ಮತ್ತೆ ಹೇಳೋ ಧೈರ್ಯ ಬರ್ಲಿಲ್ಲ."

"ಧೈರ್ಯ ಇಲ್ದೋರಿಂದ ಎಷ್ಟು ಕಷ್ಟ ನೋಡಿ," ಎಂದಳು ಆಕೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾಲ್ಕು ಕಾಗದಗಳನ್ನೂ ಎತ್ತಿ ಓದಿದಳು. ನಾಲ್ಕರಲ್ಲೂ ಅದೇ ಮಾತು: ಇವರ ಕೈಗೆ ಸರಿಸಾಟಿಯಿಲ್ಲ, ಇವರ ತಾಳ್ಮೆ ಕಲಿಸಲು ತಕ್ಕುದು, ಇವರನ್ನು ತಪ್ಪದೆ ಸೇರಿಸಿಕೊಳ್ಳಿ. ನಾಲ್ಕೂ ಒಂದೇ ಕಡೆ ನಿಂತುಹೋಗಿದ್ದವು.

'ಇವರು ಹೊರಟುಹೋದರೆ ಇಲ್ಲಿ...'

"ಇಲ್ಲಿ ಏನು? ವಾಕ್ಯ ಮುಗಿಸಿ."

ಆತ ಕೈಗೆ ಅಂಟಿದ ಮರದ ಪುಡಿಯನ್ನು ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ಇಲ್ಲಿ ನಾನಿರ್ತೀನಿ. ನೀವಿರಲ್ಲ," ಎಂದ ಕೊನೆಗೆ. "ಪ್ರತಿ ದಿನ ಪ್ರಾರ್ಥನೆ ಮಾಡ್ತಿದ್ದೆ, ಈ ಆಸೆ ತೆಗೆದುಹಾಕು ಅಂತ. ತೆಗೀಲಿಲ್ಲ."

ಅಜ್ಜಿ ಗೋಡೆಯ ಕಡೆ ತಿರುಗಿ ಕುಳಿತಳು. ಕಿವಿ ಮಾತ್ರ ಇತ್ತಲೇ ಇತ್ತು.

ಆಕೆ ಕಾಗದಗಳನ್ನು ಮಡಿಸಿ ಖಾನೆಯಲ್ಲಿಟ್ಟಳು. ತನ್ನ ಕುರ್ಚಿಯನ್ನು ಎಳೆದುಕೊಂಡು ಕುಳಿತು, ಕತ್ತರಿ ಎತ್ತಿಕೊಂಡು, ಉಳಿದ ಏಳು ಪಟ್ಟಿಗಳಲ್ಲಿ ಒಂದರ ಗಂಟನ್ನು ಬಿಚ್ಚತೊಡಗಿದಳು.

"ಇನ್ನೂ ಏಳಿವೆ. ಇವು ಮುಗಿದ್ಮೇಲೆ ನಿಮ್ಮ ಮೇಲೆ ಸಿಟ್ಟಾಗ್ತೀನಿ."

"ಆಗ್ಲಿ."

"ಮುಂದಿನ ವರ್ಷ ದ್ವೀಪದವರು ಮತ್ತೆ ಅರ್ಜಿ ಕರೀತಾರೆ. ಆಗ ಆ ಪತ್ರ ನೀವೇ ಅಂಚೆಗೆ ಹಾಕ್ಬೇಕು."

ಆತ ತಲೆ ತಗ್ಗಿಸಿದ. "ಹಾಕ್ತೀನಿ. ಈ ಸಲ ಖಂಡಿತ."

ಆಕೆ ನೂಲನ್ನು ಹೊರಮೈಗೆ ಎಳೆದು, ಎಲ್ಲರಿಗೂ ಕಾಣುವಂತೆ ಒಂದು ದಪ್ಪ ಗಂಟು ಹಾಕಿದಳು. ಒಳಮೈ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ನುಣುಪಾಗಿತ್ತು.

"ಅದರ ಜೊತೆಗೆ ನಿಮ್ಮದೂ ಒಂದು ಅರ್ಜಿ ಹಾಕಿ," ಎಂದಳು, ತಲೆ ಎತ್ತದೆ. "ಅಲ್ಲೂ ಕಾಲಿಲ್ಲದೋರು ಇರ್ತಾರೆ. ಒಬ್ಬಳೇ ಹೋಗಲ್ಲ ನಾನು."

ಆತ ಪಟ್ಟಿಯ ಇನ್ನೊಂದು ತುದಿ ಹಿಡಿದು ಎದುರು ಕುಳಿತ.

"ಇವತ್ತೇ ಬರೀಲಾ?"

"ಮೊದಲು ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ."