ಅರ್ಧ ಉಳಿದ ಗೋಡೆ

"ಬಾಯಿ ಅದನೋ ಇಲ್ಲೋ ನಿಮಗ? ಒಂದು ಸಲ ಕೂಗಬಾರದೇನ್ರೀ!"

ಅಮೃತ ಬೆಚ್ಚಿಬಿದ್ದು ತಲೆ ಎತ್ತಿದಳು.

ಅದು ಚೀನಾದ ಶಿಯಾನ್ ನಗರದ ಹಳೆಯ ಕೋಟೆಗೋಡೆ. ಗೋಡೆಯ ತಲೆಯ ಮೇಲೆ ಒಂದು ರಸ್ತೆಯಷ್ಟು ಅಗಲ ಜಾಗ. ಬಾಡಿಗೆ ಸೈಕಲ್ ತುಳಿಯುತ್ತಾ ಜನ ಹಳೇ ಊರನ್ನೇ ಒಂದು ಸುತ್ತು ಹಾಕಿಬಿಡುತ್ತಾರೆ. ಆ ಸುತ್ತಿನ ನಟ್ಟನಡುವೆ, ಚೈನು ಕಳಚಿದ ಸೈಕಲ್ಲಿನ ಪಕ್ಕ, ಕೈಯೆಲ್ಲ ಮಸಿ ಮಾಡಿಕೊಂಡು ಅವಳು ಕೂತಿದ್ದಳು. ಜೊತೆಯವರು ಮುಂದೆ ಹೋಗಿ ಎಷ್ಟೋ ಹೊತ್ತಾಗಿತ್ತು.

ಎದುರಿಗೆ ಏದುಸಿರು ಬಿಡುತ್ತಾ ನಿಂತವನು ಮಚ್ಚೇಂದ್ರ. ಕೊಡಂಬಲದ ರೈತರ ಮನೆಯ ಹುಡುಗ. ಹುಮನಾಬಾದಿನ ಯೋಗ ಕೇಂದ್ರದಿಂದ ಪ್ರದರ್ಶನ ಕೊಡಲು ಬಂದ ತಂಡದಲ್ಲಿ ಇಬ್ಬರೂ ಇದ್ದರು. ಆದರೂ ಇವತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ!

"ನಾ... ಕೂಗಂಗಿಲ್ರಿ."

"ಯಾಕ? ಮೋರಖಂಡಿ ಕುರಿಗಾರರ ಮಗಳು ಅಂತಾರ. ಒಂದು ಕೂಗು ಬರಂಗಿಲ್ಲೇನು?"

"ಬರ್ತದ್ರಿ. ಆದರ... ಅದು ಕುರಿಗಷ್ಟ."

ಅವನು ಗೊಳ್ಳೆಂದು ನಕ್ಕ. ಅವಳಿಗೆ ನಾಚಿಕೆಯಾಯಿತು, ಜೊತೆಗೆ ಒಂಥರಾ ಹಗುರವೂ ಆಯಿತು.

ಚೈನು ಕೂರಲೇ ಇಲ್ಲ. ಇಬ್ಬರೂ ಸೈಕಲ್ ತಳ್ಳುತ್ತಾ ಬಂದ ದಾರಿಯಲ್ಲೇ ಹಿಂತಿರುಗಿದರು. ಅವನು ಕಡಲೆ ಹೊಲದ ಕಥೆ ಹೇಳಿದ. ಅವಳು ಅಪ್ಪನ ಕಥೆ ಹೇಳಿದಳು. ಗುಡ್ಡದ ಆಚೆ ಮೇಯುವ ಕುರಿಯೂ ಅಪ್ಪನ ಒಂದೇ ಕೂಗಿಗೆ ತಿರುಗಿ ಬರುತ್ತಿದ್ದ ಕಥೆ. ಅಪ್ಪ ಹೋದ ಮೇಲೆ ಆ ಕೂಗನ್ನು ಅವಳು ಯಾರ ಮುಂದೆಯೂ ಕೂಗಿರಲಿಲ್ಲ.

ಕೋಟೆಯ ಬಾಗಿಲು ಮುಟ್ಟುವಷ್ಟರಲ್ಲಿ ತಂಡದ ಬಸ್ಸು ಹೋಗಿಬಿಟ್ಟಿತ್ತು. ಊರ ಬಸ್ಸು ಹಿಡಿದು ಇಬ್ಬರೂ ಹೋಟೆಲ್ ಸೇರಿದಾಗ ತಂಡದವರ ಕಣ್ಣೆಲ್ಲ ಇವರ ಮೇಲೆ.

ಅಷ್ಟೇ ನಡೆದದ್ದು. ಆದರೆ ಮಾತಿಗೆ ಕಾಲು ಬಂದರೆ ವಿಮಾನಕ್ಕಿಂತ ಜೋರು! ಅಮೃತ ಊರು ಸೇರುವ ಮೊದಲೇ ಸುದ್ದಿ ಸೇರಿತ್ತು. "ಸುಮನಬಾಯಿ ಮಗಳು ಚೀನಾದಾಗ ಒಬ್ಬ ಹುಡುಗನ ಜೋಡಿ ತಪ್ಪಿಸಿಕೊಂಡಿದ್ಲಂತ!"

ಅಪ್ಪನಿಲ್ಲದ ಆ ಮನೆಯಲ್ಲಿ ಸೋದರಮಾವ ಗೋವರ್ಧನನ ಮಾತೇ ಮಾತು. ಅವನು ನೇರ ಕೊಡಂಬಲಕ್ಕೆ ಹೋಗಿ ಮಚ್ಚೇಂದ್ರನನ್ನು ಕೇಳಿ ಬಂದ. ಬಂದವನೇ ಅಂಗಳದಲ್ಲಿ ನಿಂತು ಹೇಳಿದ: "ಆ ಹುಡುಗ ಏನಂದ ಗೊತ್ತದೇನು? 'ನಮ್ಮ ನಡುವ ಏನೂ ಇಲ್ರಿ' ಅಂದ. ಕೈ ತೊಳಕೊಂಡ! ಇಜ್ಜತ್ ಹೋಗಿದ್ದು ನಮ್ಮದೇ."

ಏನೂ ಇಲ್ಲ...?

ಆ ದಿನದಿಂದ ಅಮೃತ ಅವನ ಫೋನ್ ಎತ್ತಲಿಲ್ಲ. ಕೇಂದ್ರದಲ್ಲಿ ಅವನು ಬೆಳಗಿನ ತರಗತಿಗೆ ಬಂದರೆ ಅವಳು ಸಂಜೆಯದು ಕೇಳಿ ತೆಗೆದುಕೊಂಡಳು. ದಿನವೂ ಬರೆಯುವ ಡೈರಿಯಲ್ಲೂ ಅವನ ಹೆಸರು ಬರೆಯಲಿಲ್ಲ. ಬರೆಯದೇ ಇದ್ದದ್ದೇ ಹೆಚ್ಚು ನೋಯಿಸಿತು.

ವರ್ಷ ಕಳೆಯಿತು. ಒಂದು ಸಂಜೆ ಕೇಂದ್ರದ ಹಿರಿಯ ಶಿಕ್ಷಕಿ ಉಮಾದೇವಿ ಸುದ್ದಿ ತಂದರು. "ಶಿಯಾನಿನವರು ಮತ್ತ ಕರೆದಾರ. ಈ ಸಲ ಪ್ರದರ್ಶನ ಇಲ್ಲ, ಬರೇ ತಿರುಗಾಡೋದು. ನಮ್ಮ ಖರ್ಚು ನಮ್ಮದು. ಯಾರು ಬರ್ತೀರಿ?"

ಮೊದಲು ಎದ್ದ ಕೈ ಅಮೃತಳದು! ಅವಳಿಗೇ ಆಶ್ಚರ್ಯ.

ಯೋಗದ ಚಾಪೆಯ ಮೇಲೆ ಫೋನ್ ಇಟ್ಟು ಇಬ್ಬರೂ ನಕ್ಷೆ ನೋಡತೊಡಗಿದರು. ಮಣ್ಣಿನ ಸೈನಿಕರು ಒಂದು ದಿನ, ಹಳೇ ಪೇಟೆ ಒಂದು ಸಂಜೆ.

"ಗೋಡೆ ಬಿಡೋಣೇನು? ಹೋದ ಸಲ ನೋಡೀವಿ," ಎಂದರು ಉಮಾದೇವಿ.

"ಬಿಲ್ಕುಲ್ ಬಿಡಂಗಿಲ್ಲ ಉಮಕ್ಕ. ನಂದು ಅರ್ಧ ಉಳಿದದ."

ಸುದ್ದಿ ತಿಳಿದು ಮಾವ ಅಂಗಳಕ್ಕೆ ಬಂದ. "ನಾಚಿಕಿ ಅದ ಏನು ನಿನಗ? ಯಾವ ಊರಾಗ ಹೆಸರು ಕೆಡಿಸಿಕೊಂಡಿ, ಅದೇ ಊರಿಗೆ ಹೊಂಟೀ?"

ಯಾವಾಗಲೂ ಇಂಥ ಹೊತ್ತಿನಲ್ಲಿ ಅಮೃತ ಒಳಗೆ ಹೋಗಿ ಡೈರಿ ತೆರೆಯುತ್ತಿದ್ದಳು. ಇವತ್ತು ಹೋಗಲಿಲ್ಲ.

"ಮಾಮಾ, ತಪ್ಪು ಮಾಡಿದವರು ತಿರುಗಿ ಆ ಜಾಗಕ್ಕ ಹೋಗಂಗಿಲ್ಲ. ನಾ ತಪ್ಪು ಮಾಡಿಲ್ಲ. ಅದಕ್ಕೇ ಹೊಂಟೀನಿ."

"ಎದುರು ಮಾತಾಡ್ತೀ?"

"ಹೌದ್ರಿ. ವರ್ಷಪೂರ್ತಿ ಊರೇ ಮಾತಾಡೇದ. ಈಗ ಪಾಳಿ ನಂದು."

ಮಾವ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಸುಮನಬಾಯಿಯ ಕೈ ಒಂದು ಕ್ಷಣ ನಿಂತಿತು.

ವೀಸಾದ ಫೋಟೋಕ್ಕೆಂದು ಹುಮನಾಬಾದಿನ ಅಬ್ದುಲ್ ಕರೀಂ ಸ್ಟುಡಿಯೋಕ್ಕೆ ಹೋದರೆ, ಬಿಳಿ ಪರದೆಯ ಮುಂದೆ ಕೂತವನು... ಮಚ್ಚೇಂದ್ರ!

'ಇವನೂ ಬರಾಕತ್ತಾನೇನು!'

ತಿರುಗಿ ಹೋಗಬೇಕೆಂದುಕೊಂಡಳು. ಹೋಗಲಿಲ್ಲ. "ಏನೂ ಇಲ್ಲ ಅಂದವರು ಮತ್ಯಾಕ ಬರಾಕತ್ತೀರಿ?"

ಅವನು ಎದ್ದು ನಿಂತ. "ಅಮೃತಾ... ನಿಮ್ಮ ಮಾಮಾ ಕೇಳಿದಾಗ ನಾ ಏನು ಹೇಳಬೇಕಿತ್ತು? ನನ್ನ ಮನಸಿನಾಗ ಇತ್ತು. ಖರೇನೇ ಇತ್ತು. ನಿಮ್ಮ ಮನಸಿನಾಗ ಏನದ ಅಂತ ನೀವು ಹೇಳಿದ್ದಿಲ್ಲ. ನೀವು ಹೇಳದ ಮಾತು, ನಿಮ್ಮ ಪರವಾಗಿ ನಾ ಹ್ಯಾಂಗ ಹೇಳಲಿ?"

ಒಂದು ವರ್ಷ... ಇಡೀ ಒಂದು ವರ್ಷ ಅವಳು ಯಾವ ಮಾತನ್ನು ಮೋಸ ಅಂದುಕೊಂಡಿದ್ದಳೋ, ಅದು ಅವಳ ಮೌನಕ್ಕೆ ಅವನು ಕೊಟ್ಟ ಮರ್ಯಾದೆಯಾಗಿತ್ತು!

"ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಈಗ ಬ್ಯಾಡ ಅಂದರ ನಾ ಬರಂಗಿಲ್ಲ."

"ಬರ್ರಿ," ಎಂದಳು. "ಉತ್ತರ ಇಲ್ಲಿ ಅಲ್ಲ. ಅಲ್ಲೇ, ಗೋಡೆ ಮ್ಯಾಲ. ಅಲ್ಲಿ ತನಕ ನನ್ನ ಸನೇಕ ಬರಬಾರದು."

"ಹೂಂ ರಿ."

"ಬೇಟಿ," ಎಂದ ಅಬ್ದುಲ್ ಕರೀಂ ಕ್ಯಾಮೆರಾದ ಹಿಂದಿನಿಂದ, "ನೀ ಕೂಡು. ಆದರ ಜರಾ ನಗೋದು ಕಡಿಮಿ ಮಾಡು. ವೀಸಾದ ಫೋಟೋ ಅದ!"

ಹೊರಡುವ ಮುಂಜಾನೆ ಸುಮನಬಾಯಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಆಮೇಲೆ ದೇವರ ಮಾಡದಿಂದ ಮೈಲಾರನ ಭಂಡಾರ ತಂದು ಮಗಳ ಹಣೆಗೆ ಬಳಿದಳು. ಕುರಿ ಹಿಂಡು ದೂರದ ಮೇವಿಗೆ ಹೊರಟಾಗ ಆ ಅರಿಶಿನ ಅಪ್ಪನ ಹಣೆಗೆ ಬೀಳುತ್ತಿತ್ತು. ಮಗಳ ಹಣೆಗೆ ಇದೇ ಮೊದಲು.

"ಅವ್ವಾ...?"

"ನಿಮ್ಮಪ್ಪ ಇದ್ದಿದ್ದರ ಅವನೇ ಹಚ್ಚತಿದ್ದ. ಹೋಗಿ ಬಾ. ಪೂರಾ ನೋಡಿ ಬಾ."

ಶಿಯಾನಿನಲ್ಲಿ ವಸಂತ. ಸಾಲು ಸಾಲು ನಿಂತ ಮಣ್ಣಿನ ಸೈನಿಕರನ್ನು ನೋಡಿ ಉಮಾದೇವಿ ಹಣೆ ಚಚ್ಚಿಕೊಂಡರು. "ಇಷ್ಟು ಗಂಡಸರು ಒಂದೇ ಕಡಿ ಬಾಯಿ ಮುಚ್ಚಿ ನಿಂತಿದ್ದು ಜನ್ಮದಾಗ ಇಲ್ಲೇ ನೋಡಿದ್ದವ್ವಾ!" ಅಮೃತ ಹೊಟ್ಟೆ ಹಿಡಿದು ನಕ್ಕಳು. ಮುಂದಿನ ಸಾಲಿನಲ್ಲಿದ್ದ ಮಚ್ಚೇಂದ್ರನೂ ನಕ್ಕ. ಆದರೆ ಹತ್ತಿರ ಬರಲಿಲ್ಲ.

ಹಳೇ ಪೇಟೆಯ ಅಂಗಡಿಯಲ್ಲಿ ದಪ್ಪ ರೊಟ್ಟಿ, ಖಾಲಿ ಬೋಗುಣಿ ಕೊಟ್ಟರು. ರೊಟ್ಟಿ ನಾವೇ ಮುರಿದು ಹಾಕಬೇಕು, ಆಮೇಲೆ ಅವರು ಕುರಿಸಾರು ಸುರಿಯುತ್ತಾರೆ. ಅಮೃತಳ ಬೆರಳು ಸರಸರ ಓಡಿದವು. ಮನೆಯಲ್ಲಿ ಸಾರಿಗೆ ರೊಟ್ಟಿ ಮುರಿದ ಹಾಗೇ! ಅಂಗಡಿಯ ಹೆಂಗಸು ಹೆಬ್ಬೆರಳು ಎತ್ತಿ ತೋರಿಸಿದಳು. ಆಚೆ ಮೇಜಿನಿಂದ ಎರಡು ಕಣ್ಣು ಅದನ್ನೇ ನೋಡುತ್ತಿದ್ದವು. ಅವಳೂ ನೋಡಿದಳು. ಕಣ್ಣು ತಗ್ಗಿಸಲಿಲ್ಲ.

ಕೊನೆಗೆ ಗೋಡೆ.

"ನೀವೆಲ್ಲ ಮುಂದ ಹೋಗ್ರಿ," ಎಂದು ಅಮೃತ ಹಿಂದೆ ಉಳಿದಳು. ಗೋಡೆಯುದ್ದ ತೂಗುಹಾಕಿದ ಕಂದೀಲುಗಳ ಕೆಳಗೆ ನಿಧಾನ ತುಳಿದು, ಹೋದ ವರ್ಷ ಚೈನು ಕಳಚಿದ ಜಾಗದಲ್ಲಿ ಇಳಿದಳು. ದೂರದಲ್ಲಿ ಮಚ್ಚೇಂದ್ರ ಚುಕ್ಕಿಯಷ್ಟು ಸಣ್ಣಗೆ ಕಾಣುತ್ತಿದ್ದ.

ಸುತ್ತ ಜನ.

'ನೋಡಲಿ. ಎಲ್ಲರೂ ನೋಡಲಿ!'

ಎರಡೂ ಕೈ ಬಾಯಿಗೆ ಹಿಡಿದಳು. "ಹುರ್ರ್ರ್ರ್... ಹೋಯ್... ಹೋ ಓ ಓ!"

ಅಪ್ಪನ ಕೂಗು. ಮೋರಖಂಡಿಯ ಗುಡ್ಡದ ಕೂಗು! ಚೀನಾದ ಅಜ್ಜಂದಿರು ತಿರುಗಿ ನೋಡಿದರು. ಒಬ್ಬ ಹುಡುಗಿ ಚಿತ್ರ ತೆಗೆಯಲು ಫೋನ್ ಎತ್ತಿದಳು. ದೂರದ ಚುಕ್ಕಿ ನಿಂತಿತು... ತಿರುಗಿತು... ದೊಡ್ಡದಾಗುತ್ತಾ ಬಂತು.

ಏದುಸಿರು ಬಿಡುತ್ತಾ ಮಚ್ಚೇಂದ್ರ ಬ್ರೇಕ್ ಹಾಕಿದ. "ಈ ಕೂಗು ಕುರಿಗಷ್ಟ ಅಂದಿದ್ರಿ?"

"ಈಗೂ ಕುರಿಗೇ ಕೂಗೀನಿ. ಓಡಿ ಬಂತು ನೋಡ್ರಿ!"

ಅವನ ಕಣ್ಣು ನಕ್ಕವು, ತುಂಬಿಯೂ ಬಂದವು. "ಮತ್ತ... ಉತ್ತರ?"

"ನಮ್ಮ ಮಾಮಾ ಇನ್ನೊಮ್ಮೆ ಕೇಳಿದರ, ನಡುವ ಏನೋ ಅದ ಅಂತ ಹೇಳ್ರಿ." ಅಮೃತ ಉಸಿರೆಳೆದುಕೊಂಡಳು. "ಬ್ಯಾಡ, ನೀವು ಹೇಳಬ್ಯಾಡ್ರಿ. ನಾನೇ ಹೇಳ್ತೀನಿ. ಅಂಗಳದಾಗ ನಿಂತು, ಊರಿಗೇ ಕೇಳೋ ಹಂಗ."

ಅವನು ಕೈ ಚಾಚಿದ. ಅವಳು ಹಿಡಿದಳು. ಉಳಿದ ಅರ್ಧ ಗೋಡೆ ಬಿಸಿಲಲ್ಲಿ ಮುಂದೆ ಚಾಚಿಕೊಂಡಿತ್ತು.

"ನಡೀ ಮತ್ತ. ಚೈನು ಕಳಚಿದರ?" ಎಂದ ಅವನು.

"ಕೂಗ್ತೀನಿ," ಎಂದಳು ಅಮೃತ.