ಬೀಗದೊಳಗಿನ ಕೂಗು

"ಬಾಯಿಗೆ ಬೀಗ ಹಾಕೋದು ಸಲೀಸು ಸಾಮಿ. ತೆಗುದ್ರೆ ಮಾತ್ರ ತೆಗುದೋರ ಬಾಯಿ ಹೋಯ್ತದೆ" ಎಂದಳು ಹೊಸಹಳ್ಳಿಯ ಮಾಟಗಾತಿ ಮುನಿತಾಯಮ್ಮ.

ಸೇತುರಾಮ ನಕ್ಕುಬಿಟ್ಟ. "ಹಾಗಾದ್ರೆ ನಮ್ಮ ಆಫೀಸಿಗೇ ನಾಲ್ಕು ಬೀಗ ಬೇಕಮ್ಮಾ!"

ಮಾಟದಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ನಂಬಿಕೆ ಯಾಕೆ ಬೇಕು? ಮೈಸೂರಿನಲ್ಲಿ ಮೂರು ವರ್ಷ ಪ್ರೀತಿಸಿದ ಕೋಕಿಲಾ, ಮನೆಯವರು ನೋಡಿದ ಪದ್ಮನಾಭನ ಕೈಹಿಡಿದು ಬೆಂಗಳೂರಿನ ರಾಜಾಜಿನಗರಕ್ಕೆ ಬಂದಿದ್ದಳು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಇವನೂ ಬೆನ್ನಿಗೇ ಬಂದು, ಪದ್ಮನಾಭ ಸೂಪರ್‌ವೈಸರ್ ಆಗಿದ್ದ ಕೆಂಗೇರಿ ಕಡೆಯ ಸಣ್ಣ ಹತ್ತಿ ಗಿರಣಿಯಲ್ಲೇ ಗುಮಾಸ್ತನಾಗಿ ಸೇರಿಕೊಂಡಿದ್ದ.

ಮುನಿತಾಯಮ್ಮ ಇವನು ಕದ್ದು ತಂದಿದ್ದ ಪದ್ಮನಾಭನ ಕರವಸ್ತ್ರದ ಚೂರನ್ನು ತುಕ್ಕು ಹಿಡಿದ ಬೀಗದ ಕೊಂಡಿಗೆ ಸುತ್ತಿ, ಬೇವಿನ ಹೊಗೆ ಹಿಡಿದು, ಕಿಟಕ್ಕನೆ ಒತ್ತಿದಳು. ಬೀಗವನ್ನೂ ಬೀಗದ ಕೈಯನ್ನೂ ಇವನಿಗೇ ಕೊಟ್ಟಳು.

ಮಾರನೆಯ ದಿನ ಬೆಟ್ಟಯ್ಯನೆಂಬ ಕೆಲಸಗಾರ ನಿಂತ ಯಂತ್ರದೊಳಗೆ ಕೈಯಿಟ್ಟು ಸಿಕ್ಕಿಕೊಂಡ ಹತ್ತಿ ಕೀಳುತ್ತಿದ್ದ. ಗಂಟೆ ಹೊಡೆದರೆ ಆಚೆ ತುದಿಯವನು ಸ್ವಿಚ್ ಹಾಕುತ್ತಾನೆ. ಅದಕ್ಕೆ ಮೊದಲು "ಕೈ ತೆಗೀರಿ" ಎಂದು ಕೂಗುವುದು ಸೂಪರ್‌ವೈಸರನ ಕೆಲಸ. ಗಂಟೆ ಹೊಡೆಯಿತು. ಪದ್ಮನಾಭ ಬಾಯಿ ತೆರೆದ. ಪೂರ್ತಿ ತೆರೆದ. ಕತ್ತಿನ ನರ ಉಬ್ಬಿತು. ಸದ್ದೇ ಇಲ್ಲ. ಕಚೇರಿಯ ಗಾಜಿನ ಹಿಂದಿನಿಂದ ಸೇತುರಾಮ ಎಲ್ಲವನ್ನೂ ನೋಡಿದ.

ಬೆಟ್ಟಯ್ಯನ ಬಲಗೈ ಮೊಣಕೈವರೆಗೂ ಹೋಯಿತು. ಪದ್ಮನಾಭ ಆಮೇಲೆ ಮಾತೇ ಆಡಲಿಲ್ಲ. ಬೆಟ್ಟಯ್ಯನ ಜೊತೆಗಿದ್ದ ಹಳೇ ಜಗಳಕ್ಕೆ ಸೇಡು ತೀರಿಸಿಕೊಂಡು ಮೂಗನ ನಾಟಕ ಆಡುತ್ತಿದ್ದಾನೆ ಎಂದರು ಜನ. ಮ್ಯಾನೇಜರರ ಮುಂದೆ ವಿಚಾರಣೆಗೆ ದಿನ ಗೊತ್ತಾಯಿತು. ತಪ್ಪು ಸಾಬೀತಾದರೆ ಪದ್ಮನಾಭನಿಗೆ ಜೈಲೇ ಗತಿ.

ಸೇತುರಾಮನ ಟ್ರಂಕಿನೊಳಗೆ ಮಾತ್ರ ಏನೋ ನರಳುತ್ತಿತ್ತು. ತೆರೆದರೆ ಸುಟ್ಟ ಬೇವಿನ, ಹಸಿ ನೆತ್ತರಿನ ವಾಸನೆ. ಬೀಗ ಮೈಯಷ್ಟೇ ಬೆಚ್ಚಗಿತ್ತು. ಕಿವಿಗೆ ಹಿಡಿದ. ಒಳಗೆ ಯಾರೋ ಕೂಗುತ್ತಿದ್ದರು, ಬಾಯಿಗೆ ಬಟ್ಟೆ ತುರುಕಿದವರ ಹಾಗೆ. ಮೂರು ವಾರ ಅದು ನಿಲ್ಲಲಿಲ್ಲ.

ವಿಚಾರಣೆಯ ಬೆಳಿಗ್ಗೆ ಕೋಕಿಲಾ ಬಾಗಿಲಿಗೆ ಬಂದಳು.

"ಸೇತು, ನೀನು ಗಾಜಿನ ಹಿಂದಿದ್ದೆ ಅಂತ ಅವರು ಬರೆದು ತೋರಿಸಿದ್ರು. ಅವರು ಕೂಗೋಕೆ ಹೋಗಿದ್ದನ್ನ ನೀನು ನೋಡಿದೀಯ. ನನಗೋಸ್ಕರ ಬೇಡ ಕಣೋ. ಬೆಟ್ಟಯ್ಯಂಗಾದ್ರೂ ನಿಜ ಗೊತ್ತಾಗ್ಲಿ."

ಸುಮ್ಮನಿದ್ದರೆ ಪದ್ಮನಾಭ ಜೈಲಿಗೆ, ಕೋಕಿಲಾ ಒಂಟಿ, ತನ್ನ ಬಾಯಿ ತನಗೆ. ಹೀಗೆ ಯೋಚಿಸಿದ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು. ಟ್ರಂಕು ತೆರೆದು ಬೀಗವನ್ನೂ ಬೀಗದ ಕೈಯನ್ನೂ ಎತ್ತಿಕೊಂಡು ಹೊರಟ.

ಮ್ಯಾನೇಜರರ ಮೇಜಿನ ಮೇಲೆ ಬೀಗವನ್ನಿಟ್ಟು, ಎದುರು ಕುರ್ಚಿಯಲ್ಲಿದ್ದ ಪದ್ಮನಾಭನ ಕಡೆ ಕೈ ತೋರಿಸಿದ. "ಇವರ ಬಾಯಿಗೆ ಮಾಟ ಮಾಡ್ಸಿದ್ದು ನಾನು ಸಾರ್. ಇವರು ಕೂಗೋಕೆ ಹೋದ್ರು, ನಾನೇ ಕಣ್ಣಾರೆ ನೋಡ್ದೆ. ಇವರ ಮೇಲೆ ನನಗಿನ್ನು ದ್ವೇಷ ಇಲ್ಲ."

ಮ್ಯಾನೇಜರು ನಕ್ಕುಬಿಟ್ಟರು, ಅವನು ಹೊಸಹಳ್ಳಿಯಲ್ಲಿ ನಕ್ಕಿದ್ದ ಹಾಗೆಯೇ.

ಸೇತುರಾಮ ಬೀಗಕ್ಕೆ ಬೀಗದ ಕೈ ತೂರಿಸಿದ. ತಿರುಗಿಸಿದ. ಕಿಟಕ್.

ಪದ್ಮನಾಭ ಕುರ್ಚಿಯಿಂದ ಚಿಮ್ಮಿ ನಿಂತ.

"ಬೆಟ್ಟಯ್ಯಾ! ಕೈ ತೆಗಿಯೋ! ಕೈ! ಕೈ ತೆಗಿ!"

ಕಿಟಕಿಯ ಗಾಜು ಅದುರಿತು. ಮೂಲೆಯಲ್ಲಿ ಕೂತಿದ್ದ ಬೆಟ್ಟಯ್ಯ ಬೆಚ್ಚಿ, ಇಲ್ಲದ ಕೈಯನ್ನು ಹಿಂದಕ್ಕೆಳೆದುಕೊಂಡ. ಅಂಗಿಯ ಖಾಲಿ ತೋಳು ಜೋತಾಡಿತು.

ಆಮೇಲೆ ಬೆಟ್ಟಯ್ಯ ಎದ್ದು ಸೇತುರಾಮನ ಮುಂದೆ ಬಂದು ನಿಂತ. ಕಣ್ಣು ತುಂಬಿತ್ತು.

"ಹೋಗ್ಲಿ ಬುಡಿ ಸಾಮಿ. ನಿಮ್ಮನ್ನ ಜೈಲಿಗೆ ಕಳ್ಸಿದ್ರೆ ನನ್ ಕೈ ಬಂದಾತಾ? ಒಂದ್ ಸಲ ತಪ್ಪಾಯ್ತು ಅನ್ನಿ. ಅಷ್ಟೇ ಸಾಕು."

ಸೇತುರಾಮ ಬಾಯಿ ತೆರೆದ. ಪೂರ್ತಿ ತೆರೆದ. ಕತ್ತಿನ ನರ ಉಬ್ಬಿತು.

ಬೆಟ್ಟಯ್ಯ ಕಾಯುತ್ತಲೇ ನಿಂತಿದ್ದ.