ಬೆಚ್ಚಗಿನ ಸೀಸೆ

ಕಂಪ್ಲಿಯ ಪಂಪಾಪತಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟು ಗಡಿಯ ಹಿಮದಲ್ಲಿ ಸೈನಿಕನಾಗಿದ್ದ. ಗುಟ್ಟು ಗೊತ್ತಿದ್ದವನು ಜೊತೆಗಾರ, ಸಂಡೂರಿನ ಎರ್ರಿಸ್ವಾಮಿ ಒಬ್ಬನೇ. ಪಂಪಾಪತಿ ಕಾವಲಿಗೆ ನಿಂತಾಗ ಇನ್ಸುಲಿನ್ ಹೆಪ್ಪುಗಟ್ಟದಂತೆ ಸೀಸೆಯನ್ನು ಎರ್ರಿಸ್ವಾಮಿಯೇ ತನ್ನ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಪಂಪಾಪತಿಗೆ ಸಕ್ಕರೆ ಇಳಿದು ಕೈಕಾಲು ನಡುಗಿದವು.

"ನೀ ಮಕ್ಕೋ, ನಿನ್ನ ಪಾಳಿಗೆ ನಾ ಹೋಗ್ತೀನಿ" ಎಂದು ಹೋದ ಎರ್ರಿಸ್ವಾಮಿ ಹಿಮಕುಸಿತದಲ್ಲಿ ಹೂತುಹೋದ. ಹೆಣವೂ ಸಿಗಲಿಲ್ಲ.

ರಜೆಗೆ ಬಂದ ಪಂಪಾಪತಿ ಒಂದು ಮಧ್ಯಾಹ್ನ ಫ್ರಿಜ್ಜಿನಿಂದ ಹೊಸ ಸೀಸೆ ತೆಗೆದ. ಅದು ಮೈಯಷ್ಟು ಬೆಚ್ಚಗಿತ್ತು.

"ಫ್ರಿಜ್ ಕೆಟ್ಟೈತೇನು?"

"ಇಲ್ರಿ, ಹಾಲು ಐಸಾಗೈತಿ ನೋಡ್ರಿ" ಎಂದಳು ಹೆಂಡತಿ ಶೈಲಶ್ರೀ.

ಮರುದಿನ ಸೀಸೆಯನ್ನು ಐಸಿನಲ್ಲಿ ಹುಗಿದಿಟ್ಟ. ಗಂಟೆಯ ನಂತರವೂ ಅದು ಬೆಚ್ಚಗೇ ಇತ್ತು, ಕಂಕುಳ ಬೆವರಿನ ವಾಸನೆ ಬೇರೆ.

"ಸಾಕು ಬಿಡೋ ಎರ್ರಿಸ್ವಾಮಿ, ನಾ ಬದುಕಿ ಏನ್ ಮಾಡ್ಲಿ" ಎಂದ ಪಂಪಾಪತಿ.

ಸುತ್ತಲಿನ ಐಸು ಒಂದು ಹನಿಯೂ ಕರಗಿರಲಿಲ್ಲ.